ಬೀಸೂಕಲ್ಲು, ಡಾಲ್ಬಿ ಮತ್ತು ಎರಡು ಕರಿಗಡಬು

"ಹಾಡ ಐತಿ. ಕಲ್ಲ ಎಲ್ಲಿ ಹೋತೋ?"

ಅತ್ತಿ ಕೇಳಿದ್ದು ಇಷ್ಟೇ. ಹೆಡ್‌ಫೋನನ್ನು ಕಿವಿಯಿಂದ ತೆಗೆದು ನನ್ನ ಕೈಗೆ ಕೊಟ್ಟು ಚಹಾ ಇಡೋಕೆ ಒಳಗೆ ಹೋದಳು. ನಾನು ಅಲ್ಲೇ ಪಡಸಾಲಿಯಲ್ಲಿ ಪೆಚ್ಚಾಗಿ ಕೂತೆ. ಹುಬ್ಬಳ್ಳಿಯ ಒಂದು ಸ್ಟುಡಿಯೋದಲ್ಲಿ ದುಡ್ಡು ಕೊಟ್ಟು ಮಾಡಿಸಿಕೊಂಡು ಬಂದ ಕೆಲಸ ಅದು. 1984ರ ಪಂಚಮಿ ಹಬ್ಬಕ್ಕೆ ಅಳ್ನಾವರದ ನಮ್ಮ ಮನೆಯಲ್ಲಿ ನಮ್ಮ ಆಯಿ ಬೀಸೋ ಪದ ಹಾಡಿದ್ದನ್ನು ಕಾಕಾ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದ. ಆಯಿ ಅಂದರೆ ನಮ್ಮಪ್ಪನ ತಾಯಿ. ನಮ್ಮ ಕಡೆ ಅಜ್ಜಿಗೆ ಹಾಗೇ ಅನ್ನೋದು. ಆಯಿ ಹೋಗಿ ಮೂವತ್ತು ವರ್ಷದ ಮೇಲಾಯಿತು. ಕಾಕಾನೂ ಈಗಿಲ್ಲ. ಅವಳ ದನಿ ಅಂತ ಈ ಭೂಮಿ ಮೇಲೆ ಉಳಿದಿರೋದು ಅದೊಂದೇ ಅರವತ್ತು ನಿಮಿಷದ ಕ್ಯಾಸೆಟ್ಟು.

ಸ್ಟುಡಿಯೋದ ಹುಡುಗ ಒಳ್ಳೆಯವನೇ. "ಸರ, ಭಾಳ ಹಿಸ್ ಇತ್ತು, ಪೂರಾ ಕ್ಲೀನ್ ಮಾಡೇನಿ ನೋಡ್ರಿ" ಅಂತ ಹೆಮ್ಮೆಯಿಂದ ಪೆನ್‌ಡ್ರೈವ್ ಕೊಟ್ಟಿದ್ದ. ಕ್ಲೀನ್ ಅಂದರೆ ಕ್ಲೀನೇ. ಆಯಿಯ ದನಿ ಯಾವುದೋ ಖಾಲಿ ಬಾವಿಯೊಳಗಿಂದ ಬಂದ ಹಾಗೆ, ಸುತ್ತ ಮುತ್ತ ಏನೂ ಇಲ್ಲದೆ, ಒಂಟಿಯಾಗಿ ತೇಲುತ್ತಿತ್ತು. ಮಳೆ ಇಲ್ಲ, ಬಳೆ ಇಲ್ಲ, ಕಲ್ಲಿಲ್ಲ. ಬೀಸೋ ಪದದಿಂದ ಬೀಸೋದನ್ನೇ ಒರೆಸಿ ಹಾಕಿದ್ದರು.

ಆ ಕಲ್ಲನ್ನು ಹುಡುಕಿಕೊಂಡು ಹೋಗಿದ್ದರ ಕಥೆ ಇದು. ಹೋಗಿದ್ದು ಎಲ್ಲೆಲ್ಲಿಗೋ: ವಾಸ್ಕೋ, ಹಾಲೆಂಡು, ಲಂಡನ್, ಚಂಡೀಗಢ. ತಾಳ್ಮೆ ಇದ್ದವರು ಬನ್ನಿ.

ಮೊದಲು ಊರು. ಅಳ್ನಾವರ ನೋಡದವರಿಗೆ ಹೇಳಬೇಕಂದರೆ, ಧಾರವಾಡದ ಎರೆಹೊಲ ಮುಗಿದು ಕಾಡು ಶುರುವಾಗೋ ಬಾಗಿಲಲ್ಲಿ ನಮ್ಮೂರು ಇದೆ. ಹುಬ್ಬಳ್ಳಿಯಿಂದ ಲೋಂಡಾಕ್ಕೆ ಹೋಗೋ ರೈಲು ಇಲ್ಲಿ ನಿಲ್ಲುತ್ತೆ; ದಾಂಡೇಲಿಗೆ ಹೋಗೋ ಕವಲು ಹಳಿ ಇಲ್ಲಿಂದಲೇ ಒಡೆಯುತ್ತೆ. ಹಾಗಾಗಿ ಜಂಕ್ಷನ್ ಅನ್ನೋ ದೊಡ್ಡ ಹೆಸರು. ದಾಂಡೇಲಿಯ ಕಟ್ಟಿಗೆ ಇಳಿದದ್ದು ಈ ಹಳಿಯ ಮೇಲೆ. ಲೋಂಡಾದಿಂದ ಒಂದು ದಾರಿ ಬೆಳಗಾವಿ, ಮಿರಜಕ್ಕೆ ಹೋದರೆ ಇನ್ನೊಂದು ಘಟ್ಟ ಇಳಿದು ಗೋವಾದ ವಾಸ್ಕೋಗೆ ಹೋಗುತ್ತೆ. ಮಿರಜ ಅಂದರೆ ತಂಬೂರಿ ಮಾಡುವವರ ಊರು, ವಾಸ್ಕೋ ಅಂದರೆ ಹಡಗಿನ ಮಾಲು ಇಳಿಯುವ ಊರು. ನಮ್ಮ ಕಾಕಾಗೆ ಎರಡರ ಹುಚ್ಚೂ ಇತ್ತು. ಸಂಗೀತ ಒಂದು, ಅದನ್ನು ಹಿಡಿದಿಡೋ ಯಂತ್ರ ಇನ್ನೊಂದು. ಅವನು ವಾಸ್ಕೋದಲ್ಲಿ ರೈಲ್ವೆ ಗುಮಾಸ್ತ. ಹಡಗಿನಲ್ಲಿ ಕೆಲಸ ಮಾಡೋ ಗೋವಾದವನೊಬ್ಬನ ಹತ್ತಿರ 1983ರಲ್ಲಿ ಒಂದು ಅಕಾಯಿ ಸ್ಟೀರಿಯೋ ಕ್ಯಾಸೆಟ್ ಡೆಕ್ ಕೊಂಡು, ಗೋಣಿಚೀಲದಲ್ಲಿ ಸುತ್ತಿ, ಮೀಟರ್ ಗೇಜಿನ ಪ್ಯಾಸೆಂಜರ್ ಗಾಡಿಯಲ್ಲಿ ತೊಡೆ ಮೇಲೆ ಇಟ್ಟುಕೊಂಡು ತಂದ. ಎಷ್ಟು ಕೊಟ್ಟ ಅಂತ ಕೊನೆವರೆಗೂ ಯಾರಿಗೂ ಹೇಳಲಿಲ್ಲ.

ಆಗ ಊರಲ್ಲಿ ಕ್ಯಾಸೆಟ್ಟು ಹೊಸದೇನಲ್ಲ. ಟೂ-ಇನ್-ಒನ್ ಅನ್ನೋ ರೇಡಿಯೋ ಕೂಡಿದ ಡಬ್ಬಿಗಳು ಬಂದಿದ್ದವು. ಆದರೆ ಇದು ಬೇರೆ ಜಾತಿ. ಇದಕ್ಕೆ ಸ್ಪೀಕರೇ ಇಲ್ಲ! "ಇಷ್ಟ ರೊಕ್ಕಾ ಕೊಟ್ಟ ಮೂಕ ದನಾ ತಂದಾನ" ಅಂತ ಅಜ್ಜ ಬೈದದ್ದು ಮನೆಯಲ್ಲಿ ಇವತ್ತಿಗೂ ಗಾದೆ. ಅದಕ್ಕೆ ಬೇರೆ ಆಂಪ್ಲಿಫಯರ್ ಬೇಕು, ಬೇರೆ ಸ್ಪೀಕರ್ ಬೇಕು. ಮುಂದೆ ಬೆಳ್ಳಿ ಬಣ್ಣದ ಮುಖ, ಹಸಿರು ಬೆಳಕಿನಲ್ಲಿ ಕುಣಿಯೋ ಎರಡು ಮುಳ್ಳು, ಮೈಕು ಚುಚ್ಚೋಕೆ ಎಡ-ಬಲ ಎರಡು ತೂತು. ಮತ್ತೆ ಒಂದು ಸಣ್ಣ ಸ್ವಿಚ್ಚು. ಅದರ ಪಕ್ಕ ಎರಡು ಅರ್ಧಚಂದ್ರ ಹೊಟ್ಟೆಗೆ ಹೊಟ್ಟೆ ತಾಗಿಸಿ ನಿಂತ ಗುರುತು. ನಾನಾಗ ಒಂಬತ್ತು ವರ್ಷದವನು. ನನ್ನ ಕಣ್ಣಿಗೆ ಅವು ಎರಡು ಕರಿಗಡಬು. ಆ ಸ್ವಿಚ್ಚು ಮುಟ್ಟಿದರೆ ಮಾತ್ರ ಕಾಕಾ ಕೈಮೇಲೆ ಹೊಡೆಯುತ್ತಿದ್ದ.

ಕರಿಗಡಬಿನ ಕಡೆ ಆಮೇಲೆ ಬರೋಣ. ಮೊದಲು ಹಿಸ್ ಅಂದರೇನು ನೋಡೋಣ.

ಕ್ಯಾಸೆಟ್ಟನ್ನು ಜಗತ್ತಿಗೆ ಕೊಟ್ಟದ್ದು ಫಿಲಿಪ್ಸ್ ಕಂಪನಿ, 1963ರಲ್ಲಿ, ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ. ಮಾಡಿದ ತಂಡದ ಯಜಮಾನ ಲೂ ಒಟ್ಟೆನ್ಸ್ ಅನ್ನೋ ಡಚ್ ಎಂಜಿನಿಯರ್. ಅದಕ್ಕೂ ಮುಂಚೆ ಟೇಪು ಅಂದರೆ ದೊಡ್ಡ ಸ್ಪೂಲು. ಒಟ್ಟೆನ್ಸ್ ಕೋಟಿನ ಜೇಬಿಗೆ ಹಿಡಿಸೋವಷ್ಟು ದೊಡ್ಡ ಒಂದು ಕಟ್ಟಿಗೆ ತುಂಡು ಇಟ್ಟುಕೊಂಡು, ಯಂತ್ರ ಇದಕ್ಕಿಂತ ದೊಡ್ಡದಾಗಬಾರದು ಅಂತ ಕೆಲಸ ಶುರು ಮಾಡಿದರಂತೆ. ಜೇಬಿಗೆ ಹಿಡಿಸೋಕೆ ಏನೇನು ಕಡಿಮೆ ಮಾಡಿದರು ನೋಡಿ. ಆಕಾಶವಾಣಿಯಂಥ ಕಡೆ ಸ್ಪೂಲಿನ ಟೇಪು ಕಾಲು ಇಂಚು, ಅಂದರೆ 6.35 ಮಿಲಿಮೀಟರ್ ಅಗಲ. ಕ್ಯಾಸೆಟ್ಟಿನದು 3.81. ಸ್ಟುಡಿಯೋ ಟೇಪು ಸೆಕೆಂಡಿಗೆ 38 ಸೆಂಟಿಮೀಟರ್ ಓಡುತ್ತಿದ್ದರೆ ಕ್ಯಾಸೆಟ್ಟಿನದು 4.76, ಎಂಟರಲ್ಲಿ ಒಂದು ಪಾಲು. ಆ 3.81ರಲ್ಲೇ ಎ ಸೈಡಿನ ಎಡ-ಬಲ, ಬಿ ಸೈಡಿನ ಎಡ-ಬಲ ನಾಲ್ಕು ಹಾದಿ ಹಿಡಿಸಬೇಕು. ಒಂದೊಂದರ ಪಾಲಿಗೆ ಸುಮಾರು 0.6 ಮಿಲಿಮೀಟರ್ ಬಂತು. ರಾಗಿ ಕಾಳಿಗಿಂತ ಸಣ್ಣ ಹಾದಿಯಲ್ಲಿ ಭೀಮಸೇನ ಜೋಶಿಯವರು ತಾರ ಸಪ್ತಕಕ್ಕೆ ಹೋಗಿ ಬರಬೇಕು!

ಟೇಪಿನ ಮೇಲೆ ಬಳಿದಿರೋದು ಕಬ್ಬಿಣದ ಆಕ್ಸೈಡಿನ ಪುಡಿ, ಒಂದೊಂದು ಕಣವೂ ಒಂದೊಂದು ಅಯಸ್ಕಾಂತ. ಏನೂ ರೆಕಾರ್ಡ್ ಮಾಡದಿದ್ದರೂ ಆ ಕಣಗಳು ಅಡ್ಡಾದಿಡ್ಡಿಯಾಗಿ ಬಿದ್ದಿರುತ್ತವೆ. ಹೆಡ್ಡಿನ ಮುಂದೆ ಹಾಯುವಾಗ ಆ ಅಡ್ಡಾದಿಡ್ಡಿಯೇ ನಮಗೆ "ಸ್ಸ್ಸ್" ಅಂತ ಕೇಳಿಸೋದು. ಹಾದಿ ಅಗಲ ಇದ್ದರೆ, ವೇಗ ಹೆಚ್ಚಿದ್ದರೆ ಒಂದೇ ಕ್ಷಣದಲ್ಲಿ ಹೆಚ್ಚು ಕಣ ಹಾಯ್ದು ಅವುಗಳ ಗದ್ದಲ ಒಂದನ್ನೊಂದು ಸರಿದೂಗಿಸಿಕೊಳ್ಳುತ್ತೆ. ಕ್ಯಾಸೆಟ್ಟಿನಲ್ಲಿ ಆ ಅನುಕೂಲ ಇಲ್ಲ. ನಿಜ ಹೇಳಬೇಕಂದರೆ ಒಟ್ಟೆನ್ಸ್ ಮತ್ತು ಅವರ ಜೊತೆಯವರು ಅದನ್ನು ಸಂಗೀತಕ್ಕಂತ ಮಾಡಿದ್ದೂ ಅಲ್ಲ. ಮಾತು ಹಿಡಿದಿಡೋಕೆ, ಡಿಕ್ಟೇಶನ್ನಿಗೆ ಸಾಕು ಅಂತಿತ್ತು. ಅದರಲ್ಲಿ ಸಂಗೀತ ತುಂಬಿಸೋ ಆಸೆ ಆಮೇಲೆ ಬಂತು, ಆಸೆಯ ಜೊತೆ ಹಿಸ್ಸಿನ ಗೋಳೂ ಬಂತು.

ಈಗ ಚಂಡೀಗಢ. ಇದು ನನಗೆ ಗೊತ್ತಾದಾಗ ನಾನು ಅತ್ತಿಗೆ ಫೋನ್ ಮಾಡಿ ಹೇಳಿದ್ದೆ, ಅಷ್ಟು ಖುಷಿಯಾಗಿತ್ತು. ರೇ ಡಾಲ್ಬಿ 1933ರಲ್ಲಿ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಹುಟ್ಟಿದವರು. ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಆಂಪೆಕ್ಸ್ ಅನ್ನೋ ಟೇಪ್ ರೆಕಾರ್ಡರ್ ಕಂಪನಿ ಸೇರಿ, 1956ರಲ್ಲಿ ಹೊರಬಂದ ಮೊದಲ ವಿಡಿಯೋ ಟೇಪ್ ರೆಕಾರ್ಡರ್ ಮಾಡಿದ ತಂಡದಲ್ಲಿದ್ದರು. ಆಮೇಲೆ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. 1963ರಿಂದ ಎರಡು ವರ್ಷ ವಿಶ್ವಸಂಸ್ಥೆಯ ಕಡೆಯಿಂದ ಸಲಹೆಗಾರರಾಗಿ ಭಾರತಕ್ಕೆ ಬಂದು ಚಂಡೀಗಢದ ಕೇಂದ್ರೀಯ ವೈಜ್ಞಾನಿಕ ಉಪಕರಣಗಳ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಹವ್ಯಾಸಕ್ಕೆ ಇಲ್ಲಿಯ ಸಂಗೀತಗಾರರನ್ನು ರೆಕಾರ್ಡ್ ಮಾಡುತ್ತಿದ್ದರು. ಟೇಪಿನ ಹಿಸ್ಸಿಗೆ ಏನಾದರೂ ಮಾಡಬೇಕು ಅನ್ನೋ ಯೋಚನೆ ಅವರ ತಲೆಯಲ್ಲಿ ಗಟ್ಟಿಯಾದದ್ದು ಇಲ್ಲಿದ್ದಾಗ. 1965ರಲ್ಲಿ ಲಂಡನ್ನಿಗೆ ಹೋಗಿ ಡಾಲ್ಬಿ ಲ್ಯಾಬೋರೇಟರೀಸ್ ಶುರು ಮಾಡಿದರು. ಮಾರನೇ ವರ್ಷ ಡೆಕ್ಕಾ ರೆಕಾರ್ಡ್ ಕಂಪನಿ ಅವರ ಮೊದಲ ಯಂತ್ರಗಳನ್ನು ಕೊಂಡಿತು.

ಭಾರತೀಯ ಸಂಗೀತ ಕೇಳುವಾಗಲೇ ಹಿಸ್ಸಿನ ಚಿಂತೆ ಹತ್ತಿದ್ದರಲ್ಲಿ ನನಗಂತೂ ಆಶ್ಚರ್ಯವಿಲ್ಲ. ಪಶ್ಚಿಮದ ಸಿಂಫನಿಯಲ್ಲಿ ನೂರು ಜನ ಒಟ್ಟಿಗೆ ಬಾರಿಸುವಾಗ ಹಿಸ್ ಮುಚ್ಚಿಹೋಗುತ್ತೆ. ನಮ್ಮಲ್ಲಿ? ತಂಬೂರಿ ಒಂದು ಸದಾ ಹಿಂದೆ ಮೆಲ್ಲಗೆ ಮಿಡಿಯುತ್ತಿರುತ್ತೆ. ಆ ತಂಬೂರಿಯ ಜೀವ ಇರೋದೇ ಕುದುರೆಯ ಮೇಲೆ ತಂತಿಯ ಕೆಳಗೆ ಸಿಗಿಸಿದ ದಾರದಿಂದ ಹುಟ್ಟುವ ಝೇಂಕಾರದಲ್ಲಿ. ಅದು ಬಹಳ ಮೆಲುವಾದ, ಬಹಳ ಮೇಲಿನ ಸ್ವರಗಳ ಗುಂಪು. ಹಿಸ್ ವಾಸ ಮಾಡೋದೂ ಸರಿಯಾಗಿ ಅದೇ ಓಣಿಯಲ್ಲಿ. ಮಲ್ಲಿಕಾರ್ಜುನ ಮನಸೂರರು ಒಂದು ಆವರ್ತನ ಮುಗಿಸಿ ಉಸಿರೆಳೆದುಕೊಳ್ಳೋ ಅರೆಗಳಿಗೆಯಲ್ಲಿ ಕೇಳೋದು ತಂಬೂರಿ ಆಗಬೇಕು. ಕೆಟ್ಟ ಕ್ಯಾಸೆಟ್ಟಿನಲ್ಲಿ ಹಂಚಿನ ಮೇಲೆ ನೀರು ಚಿಮುಕಿಸಿದ ಸದ್ದು ಕೇಳುತ್ತೆ.

(ಸಂಬಂಧ ಇಲ್ಲದ ಒಂದು ಮಾತು: ಮನಸೂರರು ತೀರಿಕೊಂಡದ್ದು 1992ರ ಸೆಪ್ಟೆಂಬರ್ 12ಕ್ಕೆ. ರೇ ಡಾಲ್ಬಿ ತೀರಿಕೊಂಡದ್ದು 2013ರ ಸೆಪ್ಟೆಂಬರ್ 12ಕ್ಕೆ. ಇದರಲ್ಲಿ ಏನೂ ಅರ್ಥವಿಲ್ಲ, ಆದರೂ ಗೊತ್ತಾದಾಗ ಸುಮ್ಮನೆ ಸ್ವಲ್ಪ ಹೊತ್ತು ಕೂತಿದ್ದೆ.)

ಡಾಲ್ಬಿ ಮಾಡಿದ ಉಪಾಯ ಏನು? ನಮ್ಮೂರಿನ ಕಡೆ ಮಳೆಗಾಲದಲ್ಲಿ ಹಳ್ಳ ದಾಟೋದನ್ನು ನೆನೆಸಿಕೊಳ್ಳಿ. ದೊಡ್ಡವರು ಹಾಗೇ ದಾಟುತ್ತಾರೆ, ನೀರು ಮೊಣಕಾಲಿಗೆ ಬರುತ್ತೆ ಅಷ್ಟೆ. ಸಣ್ಣ ಹುಡುಗರನ್ನು ಹೆಗಲ ಮೇಲೆ ಎತ್ತಿಕೊಳ್ಳಬೇಕು, ಇಲ್ಲದಿದ್ದರೆ ಮುಳುಗುತ್ತಾರೆ. ಆಚೆ ದಂಡೆಗೆ ಹೋದ ಮೇಲೆ ಇಳಿಸಬೇಕು. ಇಲ್ಲಿ ಹಳ್ಳ ಅಂದರೆ ಹಿಸ್. ಗಟ್ಟಿ ಸದ್ದುಗಳು ದೊಡ್ಡವರು, ಅವುಗಳ ತಂಟೆಗೆ ಹೋಗಬೇಕಿಲ್ಲ; ಗಟ್ಟಿ ಸದ್ದಿನ ಹಿಂದೆ ಹಿಸ್ ಕಿವಿಗೆ ಗೊತ್ತೇ ಆಗೋದಿಲ್ಲ. ಮೇಲಿನ ಸ್ವರದ ಮೆಲು ಸದ್ದುಗಳು ಸಣ್ಣ ಹುಡುಗರು. ರೆಕಾರ್ಡ್ ಮಾಡುವಾಗ ಅವನ್ನು ಮಾತ್ರ ಒಂದು ಅಳತೆಗೆ ಎತ್ತಿ ಟೇಪಿಗೆ ಬರಿ. ಮರಳಿ ಕೇಳುವಾಗ ಎಷ್ಟು ಎತ್ತಿದ್ದೆಯೋ ಅಷ್ಟೇ ಇಳಿಸು. ಇಳಿಸುವಾಗ, ನಡುವೆ ಟೇಪು ತಾನಾಗಿ ಸೇರಿಸಿದ ಹಿಸ್ಸೂ ಜೊತೆಗೇ ಕೆಳಗಿಳಿಯುತ್ತೆ. ಹುಡುಗರು ಮಾತ್ರ ತಮ್ಮ ನಿಜವಾದ ಎತ್ತರಕ್ಕೆ ಬಂದು ನಿಲ್ಲುತ್ತಾರೆ.

ಸ್ಟುಡಿಯೋಗಳಿಗೆ ಮಾಡಿದ್ದು ಡಾಲ್ಬಿ ಎ. ಸದ್ದನ್ನು ನಾಲ್ಕು ಪಟ್ಟಿ ಮಾಡಿ ಒಂದೊಂದನ್ನೂ ಬೇರೆ ಬೇರೆ ಎತ್ತಿ ಇಳಿಸೋ ದುಬಾರಿ ಯಂತ್ರ. 1968ರಲ್ಲಿ ಮನೆಯ ಯಂತ್ರಗಳಿಗೆ ಅಂತ ಅಗ್ಗದ, ಮೇಲಿನ ಸ್ವರಗಳಿಗೆ ಮಾತ್ರ ಕೈ ಹಾಕೋ ಡಾಲ್ಬಿ ಬಿ ಬಂತು. 1971ರಲ್ಲಿ ಹೆನ್ರಿ ಕ್ಲಾಸ್ ಅನ್ನೋ ಅಮೆರಿಕನ್ ತನ್ನ ಅಡ್ವೆಂಟ್ 201 ಡೆಕ್ಕಿನಲ್ಲಿ ಡಾಲ್ಬಿ ಬಿ ಮತ್ತು ಕ್ರೋಮಿಯಂ ಡೈಆಕ್ಸೈಡ್ ಟೇಪು ಎರಡನ್ನೂ ಸೇರಿಸಿದ. ಕ್ಯಾಸೆಟ್ಟು ಹೈಫೈ ಮನೆತನಕ್ಕೆ ಸೊಸೆಯಾಗಿ ಬಂದದ್ದು ಆಗ. 1973ರಲ್ಲಿ ಜಪಾನಿನ ನಾಕಾಮಿಚಿಯವರು ಮೂರು ಹೆಡ್ಡಿನ ಡೆಕ್ ತಂದರು. ಎಲ್ಲರದೂ ಮಾತು ಹೈಫೈ, ಬೆಲೆಯೂ ಹೈಫೈ. ಲೆಕ್ಕಕ್ಕೆ ಹೇಳೋದಾದರೆ ಬಿ ಹಿಸ್ಸನ್ನು ಸುಮಾರು 10 ಡೆಸಿಬೆಲ್ ಇಳಿಸುತ್ತೆ. 1980ರಲ್ಲಿ ಬಂದ ಸಿ ಸುಮಾರು 20. ಕೊನೆಗೆ ಎಸ್ ಅಂತಲೂ ಒಂದು ಬಂತು, ಅಷ್ಟರಲ್ಲಿ ಸಿ.ಡಿ. ಬಂದು ಕೂತಾಗಿತ್ತು. ಡಿಬಿಎಕ್ಸ್ ಅನ್ನೋ ಎದುರಾಳಿಯೂ ಇತ್ತು. ಹಿಸ್ ಇಳಿಸೋದರಲ್ಲಿ ಡಾಲ್ಬಿಗಿಂತ ಜೋರು, ಆದರೆ ಆ ಟೇಪನ್ನು ಬೇರೆ ಯಂತ್ರದಲ್ಲಿ ಹಾಕಿದರೆ ಕೇಳೋಕಾಗದು. ಡಾಲ್ಬಿ ಬಿ ಬದುಕಿದ್ದು ಈ ಕಾರಣಕ್ಕೇ. ಇಳಿಸದೆ ಕೇಳಿದರೂ ನಡೆಯುತ್ತೆ. ಹುಡುಗರು ಹೆಗಲ ಮೇಲೇ ಉಳಿಯುತ್ತಾರೆ, ಅಂದರೆ ಸದ್ದು ಸ್ವಲ್ಪ ಚುರುಕಾಗಿ, ಝಣಝಣ ಅಂತ ಕೇಳುತ್ತೆ.

ನಮ್ಮ ದೇಶದಲ್ಲಿ ಆದದ್ದು ಅದೇ. ಡಾಲ್ಬಿ ಇದ್ದ ಯಂತ್ರ ಯಾರ ಹತ್ತಿರ ಇತ್ತು? ಪರದೇಶದ ಎಲೆಕ್ಟ್ರಾನಿಕ್ ಮಾಲಿಗೆ ವಿಪರೀತ ಸುಂಕ. ಗಲ್ಫಿಗೆ ಹೋದವರು, ಹಡಗಿನವರು ತಂದರೆ ಉಂಟು. ಇಲ್ಲೇ ಕಾಸ್ಮಿಕ್, ಸೋನೋಡೈನ್ ಥರದವರು ಸ್ಟೀರಿಯೋ ಮಾಡುತ್ತಿದ್ದರು, ಅದೂ ಪಟ್ಟಣದ ಉಳ್ಳವರಿಗೆ. ಉಳಿದ ನಾವೆಲ್ಲ ಕೇಳಿದ್ದು ಟೂ-ಇನ್-ಒನ್‌ನಲ್ಲಿ. ಆ ಹೊತ್ತಿಗೆ ಕ್ಯಾಸೆಟ್ಟಿನ ಮಳೆಯೇ ಸುರಿಯುತ್ತಿತ್ತು. ಕನ್ನಡದಲ್ಲಿ ಭಾವಗೀತೆಯ ಮೊದಲ ಕ್ಯಾಸೆಟ್ಟು ಅನ್ನಿಸಿಕೊಂಡ ನಿತ್ಯೋತ್ಸವ, ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರ ಸಂಗೀತ, ಬಂದದ್ದು 1978ರಲ್ಲಿ. ದಿಲ್ಲಿಯಲ್ಲಿ ಗುಲ್ಶನ್ ಕುಮಾರ್ ಟಿ-ಸೀರೀಸ್ ಹೂಡಿ ಹಳೆಯ ಹಾಡನ್ನು ಹೊಸ ಗಂಟಲಲ್ಲಿ ಹಾಡಿಸಿ ಅಗ್ಗಕ್ಕೆ ಮಾರಿದರು. 1987ರಲ್ಲಿ ಪ್ರೇಮಲೋಕದ ಕ್ಯಾಸೆಟ್ಟು ಲಹರಿಯವರಿಂದ ಬಂದಾಗ ನಮ್ಮೂರ ಸ್ಟೇಷನ್ನಿನ ಎದುರಿನ ಚಹಾದಂಗಡಿಯಲ್ಲಿ ಹಂಸಲೇಖಾ ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಅದರ ಜೊತೆಗೆ ನಕಲಿ ಕ್ಯಾಸೆಟ್ಟು, ಖಾಲಿ ಕ್ಯಾಸೆಟ್ಟು ಕೊಟ್ಟರೆ ಹಾಡು ತುಂಬಿಸಿಕೊಡೋ ಅಂಗಡಿ. ಆ ಅಂಗಡಿಗಳಲ್ಲಿ ಟ್ರೆಬಲ್ ಗುಂಡಿಯನ್ನು ಬಲಕ್ಕೆ ಪೂರ್ತಿ ತಿರುಗಿಸಿಯೇ ಇಡುತ್ತಿದ್ದರು. ನಾವು ಒಂದು ಪೀಳಿಗೆಯವರು ಚುರುಕಾದ ಸದ್ದೇ ಒಳ್ಳೆಯ ಸದ್ದು ಅಂತ ನಂಬಿ ಬೆಳೆದೆವು. ಇವತ್ತಿಗೂ ನನ್ನ ಕಾರಿನಲ್ಲಿ ಟ್ರೆಬಲ್ ಎರಡು ಮನೆ ಮೇಲೇ ಇರುತ್ತೆ, ಸುಳ್ಳು ಯಾಕೆ ಹೇಳಲಿ.

ಡಾಲ್ಬಿ ಸ್ವಿಚ್ಚಿನ ಬಗ್ಗೆ ಇದ್ದ ತಪ್ಪು ತಿಳಿವಳಿಕೆಗಂತೂ ಲೆಕ್ಕವಿಲ್ಲ. ಕಾಕಾನ ಗೆಳೆಯರೊಬ್ಬರು ಧಾರವಾಡ ಆಕಾಶವಾಣಿಯಲ್ಲಿ ಬಸವರಾಜ ರಾಜಗುರುಗಳ ಕಚೇರಿ ಬಂದಾಗ ರೇಡಿಯೋದಿಂದ ಡೆಕ್ಕಿಗೆ ವೈರು ಎಳೆಸಿ ರೆಕಾರ್ಡ್ ಮಾಡಿಸಿಕೊಂಡಿದ್ದರು. ಆಮೇಲೆ ಬಂದು ಜಗಳ: "ಡಾಲ್ಬಿ ಹಾಕೀನಿ ಅಂದಿ, ರೇಡಿಯೋದ ಕರಕರ ಹಂಗ ಐತೆಲ್ಲೋ!" ಪಾಪ, ಡಾಲ್ಬಿಗೆ ಅದು ಸಾಧ್ಯವಿಲ್ಲ. ಹಳ್ಳಕ್ಕೆ ಇಳಿಯುವ ಮುಂಚೆಯೇ ಹುಡುಗ ಒದ್ದೆಯಾಗಿದ್ದರೆ ಆಚೆ ದಂಡೆಯಲ್ಲಿ ಒಣಗಿ ಬರುತ್ತಾನೆಯೇ? ಅದು ಟೇಪು ಮಾಡೋ ಗಲೀಜನ್ನಷ್ಟೇ ತಡೆಯುತ್ತೆ. ಒಳಗೆ ಬಂದ ಸದ್ದು ಸಂಗೀತವೋ ಗದ್ದಲವೋ ಅಂತ ಅದು ಕೇಳೋದೇ ಇಲ್ಲ. ಬಂದದ್ದನ್ನು ಬಂದ ಹಾಗೆ ವಾಪಸು ಕೊಡುತ್ತೆ.

ಈ ಮಾತನ್ನು ಸ್ವಲ್ಪ ಹಿಡಿದುಕೊಂಡಿರಿ. ಹುಬ್ಬಳ್ಳಿಯ ಸ್ಟುಡಿಯೋಗೆ ವಾಪಸ್ ಹೋಗೋಣ.

ನಾನು ಮತ್ತೆ ಹೋಗಿ ಆ ಹುಡುಗನನ್ನು ಕೇಳಿದೆ, ಹೇಗೆ ಮಾಡಿದೆಪಾ ಅಂತ. ಅವನು ಕಂಪ್ಯೂಟರಿನಲ್ಲಿ ತೋರಿಸಿದ. ಸಾಫ್ಟ್‌ವೇರಿಗೆ ಮೊದಲು ಹಾಡಿಲ್ಲದ, ಬರೀ ಹಿಸ್ ಇರೋ ಒಂದು ತುಣುಕನ್ನು ಆರಿಸಿ ಕೊಡಬೇಕು. ಅದು "ಇದೇ ಕಸ" ಅಂತ ಕಲಿತುಕೊಂಡು ಉಳಿದ ಉದ್ದಕ್ಕೂ ಅಂಥದ್ದನ್ನೆಲ್ಲ ತೆಗೆದು ಹಾಕುತ್ತೆ. ಅವನು ಆರಿಸಿದ್ದು ಹಾಡು ಶುರುವಾಗೋಕೆ ಮುಂಚಿನ ಏಳೆಂಟು ಸೆಕೆಂಡು. ಆಗ ಆಯಿ ಹಾಡುತ್ತಿರಲಿಲ್ಲ, ನಿಜ. ಆದರೆ ಬೀಸೋಕೆ ಶುರು ಮಾಡಿದ್ದಳು! ಕಲ್ಲಿನ ಸರಸರ, ಹೊರಗಿನ ಮಳೆ, ಟೇಪಿನ ಹಿಸ್, ಮೂರೂ ಆ ತುಣುಕಿನಲ್ಲಿ ಒಂದೇ ಬಣ್ಣದಲ್ಲಿ ಕೂತಿದ್ದವು. ಸಾಫ್ಟ್‌ವೇರು ಹೇಳಿದ್ದನ್ನು ವಿಧೇಯವಾಗಿ ಮಾಡಿತ್ತು. ಹುಡುಗನ ತಪ್ಪು ಅಂತ ನಾನು ಹೇಳಲಾರೆ. ಬೀಸೂಕಲ್ಲಿನ ಸದ್ದನ್ನೇ ಅವನು ಹುಟ್ಟಿದ ಮೇಲೆ ಕೇಳಿರಲಿಲ್ಲ. ಅವನ ಕಿವಿಗೆ ಅದು ಹಿಸ್ಸೇ.

"ಕ್ಲೀನ್ ಮಾಡದೇ ಇದ್ದದ್ದು ಕೊಡ್ಲಾ ಸರ?" ಅಂದ. ಕೊಟ್ಟ. ಅದರಲ್ಲಿ ಕಲ್ಲು ಇತ್ತು. ಆದರೆ ಹಿಸ್ಸಿನ ಜೊತೆ ಕಲಸಿಹೋಗಿ, ಯಾವುದು ಕಲ್ಲು ಯಾವುದು ಟೇಪು ಗೊತ್ತಾಗದ ಹಾಗೆ, ಇಡೀ ಮನೆಯಲ್ಲಿ ಯಾರೋ ಕಸಬರಿಗೆ ಎಳೆಯುತ್ತಿದ್ದಾರೇನೋ ಅನ್ನೋ ಹಾಗೆ. ಸ್ಟುಡಿಯೋದವರು ಕ್ಯಾಸೆಟ್ಟನ್ನು ಹಾಕಿದ್ದು ಡಾಲ್ಬಿ ಇಲ್ಲದ ಒಂದು ಹಳೇ ಟೂ-ಇನ್-ಒನ್‌ನಲ್ಲಿ.

ಮನೆಗೆ ಬಂದು ಕ್ಯಾಸೆಟ್ಟಿನ ಒಳಗಿನ ಚೀಟಿ ಬಿಚ್ಚಿ ನೋಡಿದೆ. ಅದನ್ನು ಎಷ್ಟೋ ಸಲ ನೋಡಿದ್ದೆ. ಕಾಕಾನ ಸಣ್ಣ ಅಕ್ಷರದಲ್ಲಿ "ಆಯಿ, ಪಂಚಮಿ 84" ಅಂತ. ಅದರ ಮೂಲೆಯಲ್ಲಿ ಬಾಲ್‌ಪೆನ್ನಿನಲ್ಲಿ ಬರೆದ ಎರಡು ಕರಿಗಡಬು. ಹೊಟ್ಟೆಗೆ ಹೊಟ್ಟೆ. ಇಷ್ಟು ವರ್ಷ ಅದನ್ನು ನಾನು ಹಬ್ಬದ ಚಿತ್ರ ಅಂದುಕೊಂಡಿದ್ದೆ. ಕಾಕಾ ಬರೆದಿಟ್ಟದ್ದು ಚಿತ್ರ ಅಲ್ಲ, ಸೂಚನೆ. ನಾನು ಹುಡುಗರನ್ನು ಎತ್ತಿದ್ದೇನೆ, ಕೇಳುವವರು ಇಳಿಸಿರಿ.

ಡೆಕ್ಕು ಅಟ್ಟದ ಮೇಲೆ ಇತ್ತು. ಅಳ್ನಾವರದ ಮಳೆಗೆ ಮುಖದ ಬೆಳ್ಳಿ ಬಣ್ಣ ಕಪ್ಪಾಗಿತ್ತು. ಒಳಗಿನ ರಬ್ಬರ್ ಬೆಲ್ಟುಗಳು ಕರಗಿ ಡಾಂಬರಿನಂತೆ ಗಾಲಿಗೆ ಮೆತ್ತಿಕೊಂಡಿದ್ದವು. ಹಳೇ ಡೆಕ್ಕು ಬಿಚ್ಚಿದವರಿಗೆ ಗೊತ್ತು, ಆ ಕರಿ ಅಂಟು ವಾರಗಟ್ಟಲೆ ಉಗುರಿನಿಂದ ಹೋಗೋದಿಲ್ಲ. ಧಾರವಾಡದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು, ಅಂಗಡಿ ಮುಚ್ಚಿ ಮೊಮ್ಮಕ್ಕಳನ್ನು ನೋಡಿಕೊಂಡಿದ್ದವರು, ಮೊದಲು ಬೇಡ ಅಂದರು. ಅಕಾಯಿ ಅಂದ ಮೇಲೆ ಕಣ್ಣು ಅರಳಿತು. "ಇದರ ಹೆಡ್ ನೋಡ್ರಿ, ಗಾಜಿನ ಜಾತೀದು, ಸವೆಯಂಗಿಲ್ಲ" ಅಂದರು. ಬೆಲ್ಟು ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಿಂದ ತರಿಸಿದೆವು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಹೆಡ್ಡು, ರೋಲರು ಒರೆಸಿದರು. ಕ್ಯಾಸೆಟ್ಟಿನ ಟೇಪಿನ ಅಂಚಿಗೆ ಬಿಳೀ ಬೂಷ್ಟು ಹಿಡಿದಿತ್ತು. ಅದನ್ನು ಒಣ ಬಟ್ಟೆ ತಾಗಿಸಿ ಕೈಯಿಂದ ಒಂದು ಸಲ ಪೂರ್ತಿ ಸುತ್ತಿಸೋಕೇ ಒಂದು ಮಧ್ಯಾಹ್ನ ಹೋಯಿತು.

ಆಮೇಲೆ ಹೆಡ್ಡಿನ ಸ್ಕ್ರೂ. ಹೆಡ್ಡಿನಲ್ಲಿ ಕಣ್ಣಿಗೆ ಕಾಣದ ಒಂದು ಸೀಳು ಇರುತ್ತೆ, ಒಂದೆರಡು ಮೈಕ್ರಾನ್ ಅಗಲದ್ದು. ಅದು ಟೇಪಿಗೆ ಸರಿಯಾಗಿ ಲಂಬವಾಗಿ ನಿಲ್ಲಬೇಕು. ಕೂದಲೆಳೆಯಷ್ಟು ವಾರೆಯಾದರೂ ಮೇಲಿನ ಸ್ವರಗಳು ಹಾರಿಹೋಗುತ್ತವೆ. ಡಾಲ್ಬಿ ಇದ್ದರಂತೂ ಇನ್ನೂ ಕಷ್ಟ. ಮೇಲಿನ ಸ್ವರ ಕಡಿಮೆ ಬಂತು ಅಂದರೆ ಡಾಲ್ಬಿಗೆ ಅದು ಮೆಲು ಸದ್ದು ಅಂತ ಲೆಕ್ಕ, ಇನ್ನಷ್ಟು ಇಳಿಸಿಬಿಡುತ್ತೆ. ಕಂಬಳಿ ಹೊದ್ದು ಹಾಡಿದ ಹಾಗೆ ಕೇಳುತ್ತೆ. "ಡಾಲ್ಬಿ ಹಾಕಿದರೆ ಸದ್ದು ಸಾಯುತ್ತೆ" ಅಂತ ಆ ಕಾಲದಲ್ಲಿ ಎಲ್ಲರೂ ಬೈಯುತ್ತಿದ್ದದ್ದು ಬಹುಪಾಲು ಈ ವಾರೆ ಹೆಡ್ಡಿನ ಪಾಪ. ಡಾಲ್ಬಿ ಅದನ್ನು ಹೊತ್ತುಕೊಂಡಿತು.

ಹಿರಿಯರು ಸಣ್ಣ ಸ್ಕ್ರೂಡ್ರೈವರ್ ಹಿಡಿದು, ಡಾಲ್ಬಿ ಸ್ವಿಚ್ಚು ಕೆಳಗಿಟ್ಟು, ಕಣ್ಣು ಮುಚ್ಚಿ ತಿರುಗಿಸುತ್ತಾ ಹೋದರು. ಒಂದು ಕಡೆ ಬಂದಾಗ ಆಯಿಯ ಬಳೆ ಕೇಳಿತು. ಗಾಜಿನ ಬಳೆ, ಕಿಣಿ ಅಂತ, ಪಕ್ಕದಲ್ಲೇ. "ಇಲ್ಲೇ ನೋಡ್ರಿ" ಅಂದು ಕೈ ತೆಗೆದರು. ಆಮೇಲೆ ನನಗೆ ಸ್ವಿಚ್ಚು ತೋರಿಸಿ, "ನೀವ ಹಾಕ್ರಿ" ಅಂದರು. ಒಂಬತ್ತು ವರ್ಷದಲ್ಲಿ ಹೊಡೆತ ತಿಂದ ಕೈ ಅದು, ಸ್ವಲ್ಪ ಅಂಜಿತು.

ಹಾಕಿದೆ. ಹಿಸ್ ಹಿಂದಕ್ಕೆ ಸರಿಯಿತು. ಪೂರ್ತಿ ಹೋಗಲಿಲ್ಲ, ಸುಳ್ಳು ಹೇಳಬಾರದು. ಡಾಲ್ಬಿ ಬಿ ಅಷ್ಟೇ. ಆದರೆ ಎದುರಿನಿಂದ ಎದ್ದು ಗೋಡೆಯ ಹತ್ತಿರ ಹೋಗಿ ಕೂತಿತು. ಮುಂದೆ ಉಳಿದದ್ದು ಕಲ್ಲು. ಎಡ ಸ್ಪೀಕರಿನಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಸುತ್ತುತ್ತಾ. ಕಾಕಾ ಎರಡು ಮೈಕು ಕಲ್ಲಿನ ಆಚೆ ಈಚೆ ಇಟ್ಟಿದ್ದ ಅನ್ನೋದು ಆವತ್ತು ಗೊತ್ತಾಯಿತು. ಅದರ ಹಿಂದೆ ಹಂಚಿನ ಮೇಲೆ ಮಳೆ. ದೂರದಲ್ಲಿ ಗಾಡಿಯ ಸಿಳ್ಳು, ದಾಂಡೇಲಿ ಕಡೆಯದೋ ಲೋಂಡಾ ಕಡೆಯದೋ. ಡಾಲ್ಬಿಗೆ ಇದರಲ್ಲಿ ಯಾವುದು ಕಸ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ, ಹಾಗಾಗಿ ಯಾವುದನ್ನೂ ಗುಡಿಸಿರಲಿಲ್ಲ.

ಈಗ ಮತ್ತೆ ಕ್ಯಾಸೆಟ್ಟಿನ ಶೋಕಿ ಬಂದಿದೆ ಅಂತ ಕೇಳುತ್ತೇನೆ. ಹೊಸದಾಗಿ ಬರೋ ಸಣ್ಣ ಪ್ಲೇಯರುಗಳಲ್ಲಿ ಡಾಲ್ಬಿ ಇಲ್ಲ. ಟ್ಯಾಸ್ಕ್ಯಾಮ್ ಥರದವರ ಹೊಸ ಡೆಕ್ಕಿನಲ್ಲಿ ಡಾಲ್ಬಿ ಬಿಗೆ ಹೊಂದೋ ಒಂದು ವ್ಯವಸ್ಥೆ, ಅದೂ ಕೇಳೋಕೆ ಮಾತ್ರ, ಆ ಹೆಸರಿಲ್ಲದೆ ಇದೆ. ನಿಮ್ಮ ಮನೆಯ ಟ್ರಂಕಿನಲ್ಲಿ ಹಳೇ ಕ್ಯಾಸೆಟ್ಟು ಇದ್ದರೆ ಯಾರ ಕೈಗಾದರೂ ಕೊಡೋ ಮುಂಚೆ ಚೀಟಿ ಬಿಚ್ಚಿ ಮೂಲೆ ನೋಡಿ. ಗುರುತು ಇಲ್ಲದಿದ್ದರೆ ಹಾಕಿಯೂ ತೆಗೆದೂ ಎರಡೂ ಥರ ಕೇಳಿ. ಬಳೆ, ತಾಳ, ಉಸಿರು ಯಾವುದರಲ್ಲಿ ನಿಜ ಅನ್ನಿಸುತ್ತೋ ಅದು. ಮೂಲ ಪ್ರತಿಯನ್ನು ಯಾವುದೇ ಸಾಫ್ಟ್‌ವೇರು ಮುಟ್ಟದ ಹಾಗೆ ಒಂದು ಕಡೆ ಇಟ್ಟುಬಿಡಿ.

ಡೆಕ್ಕನ್ನು ಅಳ್ನಾವರಕ್ಕೆ ಒಯ್ದೆ, ಕಾರಿನ ಹಿಂದಿನ ಸೀಟಿನಲ್ಲಿ ಕೂಡಿಸಿ, ಬೆಲ್ಟ್ ಹಾಕಿ. ಅತ್ತಿಗೆ ಈಗ ಎಪ್ಪತ್ತರ ಮೇಲೆ. ಈ ಸಲ ಹೆಡ್‌ಫೋನ್ ಇಲ್ಲ, ಪಡಸಾಲಿಯಲ್ಲಿ ಸ್ಪೀಕರ್ ಇಟ್ಟು ಕೇಳಿಸಿದೆ. ಅವಳು ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಕಲ್ಲು ಶುರುವಾಯಿತು. ಎರಡು ಸುತ್ತಿಗೆ ಅವಳ ಬಲಗೈ ತೊಡೆಯ ಮೇಲೆ ತಾನಾಗೇ ತಿರುಗೋಕೆ ಹತ್ತಿತು. ನಾನು ಅದನ್ನೇ ನೋಡುತ್ತಿದ್ದೆ.

"ನಾನೂ ಇದ್ದೆ ಅಲ್ಲಿ," ಅಂದಳು. "ಒಂದ ಗೂಟಕ್ಕ ಇಬ್ರದೂ ಕೈ. ನಾ ಪಂಚಮಿಗೆ ಬಂದಿದ್ದೆ, ತಂಬಿಟ್ಟಿಗೆ ಹಿಟ್ಟ ಬೀಸಾಕತ್ತಿದ್ವಿ. ನಿಮ್ಮ ಕಾಕಾ ಹಾಡಬ್ಯಾಡ ಅಂದ ನನಗ, ನಿನ್ನ ದನಿ ದಪ್ಪ ಐತಿ ಅಂತ. ಬರೇ ಬೀಸು ಅಂದ."

ಹಾಗಾದರೆ ಆ ಕ್ಯಾಸೆಟ್ಟಿನಲ್ಲಿ ಅತ್ತಿ ಇದ್ದದ್ದು ಕಲ್ಲಿನ ಸದ್ದಿನಲ್ಲಿ ಮಾತ್ರ.

ಸ್ವಲ್ಪ ಹೊತ್ತಿಗೆ ಸದ್ದು ಬದಲಾಯಿತು. ಸರಸರ ಇದ್ದದ್ದು ಒಮ್ಮೆಲೇ ಒರಟಾಗಿ, ದಪ್ಪಗಾಗಿ, ಮತ್ತೆ ನಿಧಾನಕ್ಕೆ ನುಣ್ಣಗಾಗುತ್ತಾ ಬಂತು. ನಾನು ಟೇಪು ಸಿಕ್ಕಿತೇನೋ ಅಂತ ಗಾಬರಿಯಾಗಿ ಎದ್ದೆ.

"ಕೂಡ್ರು," ಅಂದಳು ಅತ್ತಿ, ಕಣ್ಣು ತೆರೆಯದೆ. "ಕಾಳ ಹಾಕಿದ್ಲು."